ಅವರನ್ನು ಗೆಳೆಯರಾಗಲು ಬಿಡಿ



ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾನದಿಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುತ್ತಿದ್ದ ನದಿ ಬೇಸಿಗೆ ಬಂದೊಡನೆ ಮರಳಿನ ಪಾತ್ರವಾಗುತ್ತಿದ್ದ ಕಾಲವೊಂದಿತ್ತು. ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು, ಹೊಲ ಮಾತ್ರ ಒಣಗುತ್ತಿತ್ತು. ಯಾರೋ ಬಂದು ಕಟ್ಟಿಕೊಡುವರೆಂದು ಕಾಯುವುದನ್ನು ಬಿಟ್ಟು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಈ ತೀರದ ರೈತರು ಸಂಘ ಕಟ್ಟಿಕೊಂಡರು. ತಮ್ಮ ಹಣ ಹಾಕಿದರು, ತಮ್ಮ ಬೆವರು ಸುರಿಸಿದರು. 1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ಅದಕ್ಕೆ ಅವರಿಟ್ಟ ಹೆಸರು 'ಶ್ರಮಬಿಂದು ಸಾಗರ'. ಮುಂದೆ ಕೇಂದ್ರ ಮಂತ್ರಿಯೂ ಶಾಸಕರೂ ಆದ ನ್ಯಾಮಗೌಡರು 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆದರೆ ಜನರು ಅವರನ್ನು ನೆನೆಯುವುದು ಮಂತ್ರಿಯೆಂದಲ್ಲ, 'ಬ್ಯಾರೇಜ್ ಸಿದ್ದು' ಎಂದೇ.

ಧಾರ್ಮಿಕ ಮಾಸಪತ್ರಿಕೆಯಲ್ಲಿ ನೀರಾವರಿಯ ಮಾತೇಕೆ ಎಂದು ನೀವು ಕೇಳಬಹುದು. ಆ ನೀರನ್ನು ನೋಡುವಾಗಲೆಲ್ಲ ನಮ್ಮ ಮನೆಗಳ ಮದುವೆಗಳು ನನ್ನ ನೆನಪಿಗೆ ಬರುತ್ತವೆ. ನಮ್ಮ ಮದುವೆಯೆಂದರೆ ಒಂದು ದಿನದ ಹೊನಲು. ಶಾಮಿಯಾನ, ಬ್ಯಾಂಡು, ಸಾವಿರ ಎಲೆಯ ಊಟ, ಪೀಠದ ಮುಂದೆ ದೇವರ ಬೆನ್ನು ಕಾಣುವಂತೆ ನಿಂತ ವಿಡಿಯೋದವರು, ಮೂರು ವರ್ಷ ತೀರದ ಸಾಲ. ಆ ದಿನ ಕಣ್ಣಲ್ಲಿ ನೀರು, ಬಾಯಲ್ಲಿ ಗೀತೆ, ಎಲ್ಲೆಲ್ಲೂ ಭಕ್ತಿ. ಮುಂದಿನ ಸೋಮವಾರ ಬೆಳಗಾಗುವಾಗ ಏನು ಉಳಿದಿರುತ್ತದೆ? ನವದಂಪತಿಗಳಿಗೆ ನಾವು ಬಂಗಾರ ಕೊಟ್ಟೆವು, ಕಪಾಟು ಕೊಟ್ಟೆವು, ಮಂಚ ಕೊಟ್ಟೆವು. ಇಬ್ಬರೂ ಎದುರುಬದುರು ಕುಳಿತು ಮಾತನಾಡಲು ದಿನಕ್ಕೆ ಅರ್ಧ ಗಂಟೆಯನ್ನು ಕೊಟ್ಟೆವೇ?

ಇಲ್ಲ, ಕೊಡಲಿಲ್ಲ. ಅಷ್ಟೇ ಅಲ್ಲ, ಅವರು ತಾವಾಗಿ ಗಳಿಸಿಕೊಂಡ ಅರ್ಧ ಗಂಟೆಯನ್ನೂ ನಾವು ಕಸಿದುಕೊಳ್ಳುತ್ತೇವೆ. ಇದು ನನ್ನ ಆರೋಪ. ಈ ಆರೋಪವನ್ನು ಹೊರುವವರ ಸಾಲಿನಲ್ಲಿ ಮೊದಲು ನಿಂತಿರುವವನು ನಾನೇ ಆದ್ದರಿಂದ ಹೇಳಲು ಧೈರ್ಯ ಮಾಡುತ್ತಿದ್ದೇನೆ.

ನನ್ನ ಮಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಗಾರ. ಅವನ ಮದುವೆಯಾದ ವರ್ಷ ಕಬ್ಬು ನುರಿಸುವ ಹಂಗಾಮಿನಲ್ಲಿ ಅವನಿಗೆ ಸಂಜೆಯ ಪಾಳಿ ಬಂದಿತ್ತು. ಮನೆಗೆ ಬರುವಾಗ ರಾತ್ರಿ ಹನ್ನೊಂದು ದಾಟುತ್ತಿತ್ತು. ಸೊಸೆ ಊಟ ಮಾಡದೆ ಕಾದಿರುತ್ತಿದ್ದಳು. ಅವನು ಕೈಕಾಲು ತೊಳೆದು ಬಂದ ಮೇಲೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಒಂದೇ ತಾಟಿನಲ್ಲಿ ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದರು. ಏನೋ ಪಿಸುಮಾತು, ನಡುನಡುವೆ ನಗೆ. ಪಡಸಾಲೆಯಲ್ಲಿ ಮಲಗಿರುತ್ತಿದ್ದ ನನಗೆ ಅದು ಸರಿಕಾಣಲಿಲ್ಲ. ಒಂದೆರಡು ರಾತ್ರಿ ಕೆಮ್ಮಿ ಸೂಚನೆ ಕೊಟ್ಟೆ. ಮೂರನೆಯ ದಿನ ಬೆಳಿಗ್ಗೆ ಬಾಯಿಬಿಟ್ಟು ಹೇಳಿಯೂಬಿಟ್ಟೆ: "ನಮ್ಮ ಕಾಲದಾಗ ಹಿಂಗ ಇರಲಿಲ್ಲವ್ವಾ. ಗಂಡಸರು ಉಂಡ ಮ್ಯಾಲ ಹೆಂಗಸರು ಉಣ್ಣೂದು ಈ ಮನಿ ರೀತಿ." ಅವಳು ತಲೆ ತಗ್ಗಿಸಿ "ಆತ್ರೀ ಮಾವಾರ" ಎಂದಳು. ಅಂದಿನಿಂದ ಬಡಿಸಿ ಬಾಗಿಲಿಗೆ ಒರಗಿ ನಿಲ್ಲತೊಡಗಿದಳು. ನಗೆ ನಿಂತಿತು. ಮನೆಗೆ ಮರ್ಯಾದೆ ಬಂತೆಂದು ನಾನು ನೆಮ್ಮದಿಯಿಂದ ನಿದ್ರಿಸಿದೆ.

ಕೆಲವು ತಿಂಗಳಾದ ಮೇಲೆ, ಬೇರೇನೋ ಮಾತಿನ ನಡುವೆ, ಮಗ ಹೇಳಿದ: "ಅಪ್ಪಾ, ನಾವು ರಾತ್ರಿ ಉಣ್ಣೂಕಿಂತ ಮೊದಲ ಇಬ್ಬರೂ ಕೂಡಿ ಪ್ರಾರ್ಥನಾ ಮಾಡತಿದ್ವಿ. ದಿವಸ ಹೆಂಗ ಹೋತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ದೇವರಿಗೆ ಒಪ್ಪಿಸತಿದ್ವಿ. ಈಗ ಅದೂ ಬಿಟ್ಟು ಹೋತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅರವತ್ತು ವರ್ಷ ತಪ್ಪದೆ ಭಾನುವಾರದ ಬಲಿಪೂಜೆಗೆ ಹೋದ ನಾನು, ನನ್ನ ಮನೆಯಲ್ಲಿ ಯಾರೂ ಹೇಳಿಕೊಡದೆ ಹುಟ್ಟಿದ್ದ ಪ್ರಾರ್ಥನೆಯೊಂದನ್ನು ಕೆಮ್ಮಿ ಓಡಿಸಿದ್ದೆ.

ಹಿರಿಯರ ವಾದಗಳನ್ನು ನಾನು ಬಲ್ಲೆ, ಏಕೆಂದರೆ ಅವೆಲ್ಲ ನನ್ನ ವಾದಗಳೇ ಆಗಿದ್ದವು. ಒಂದೊಂದನ್ನೇ ಎದುರಿಸೋಣ.

ಮೊದಲನೆಯ ವಾದ: ಮದುವೆ ಇರುವುದು ಮಕ್ಕಳಿಗಾಗಿ, ಮನೆತನದ ಮುಂದುವರಿಕೆಗಾಗಿ, ಗಂಡಹೆಂಡಿರ ಗೆಳೆತನವೆಂಬುದು ಸಿನಿಮಾದ ಮಾತು. ಹೀಗೆ ಹೇಳುವವರು ತಾವು ಧರ್ಮಸಭೆಯ ಪಕ್ಷದಲ್ಲಿದ್ದೇವೆಂದು ನಂಬಿರುತ್ತಾರೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಮಕ್ಕಳನ್ನು ಹೆತ್ತು ಬೆಳೆಸುವುದನ್ನು ವಿವಾಹದ ಪ್ರಧಾನ ಉದ್ದೇಶವೆಂದೂ ದಂಪತಿಗಳ ಪರಸ್ಪರ ನೆರವನ್ನು ಎರಡನೆಯ ಉದ್ದೇಶವೆಂದೂ ಹೇಳಿದ್ದು ನಿಜ. ಆದರೆ 1983ರ ಸಂಹಿತೆಯ 1055ನೆಯ ವಿಧಿಯನ್ನು ತೆರೆದು ನೋಡಿ. ಅಲ್ಲಿ ಮೇಲುಕೀಳಿನ ಶ್ರೇಣಿಯಿಲ್ಲ. ದಂಪತಿಗಳ ಒಳಿತು, ಮಕ್ಕಳ ಜನನ ಮತ್ತು ಶಿಕ್ಷಣ ಎರಡನ್ನೂ ಜೊತೆಯಲ್ಲಿಯೇ ಹೇಳಲಾಗಿದೆ. ದಂಪತಿಗಳ ಒಳಿತನ್ನೇ ಮೊದಲು ಹೇಳಲಾಗಿದೆ. ಇದು ಹೊಸ ಕಾಲದ ಗಾಳಿಯೆಂದು ಮೂಗು ಮುರಿಯಬೇಡಿ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರೇ ಗಂಡಹೆಂಡಿರ ನಡುವಿನ ಸ್ನೇಹವನ್ನು ಎಲ್ಲ ಸ್ನೇಹಗಳಲ್ಲಿ ಹಿರಿದೆಂದು ಎಣಿಸಿದವರು. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬಗಳ ಕುರಿತು ಹೊರಡಿಸಿದ 'ಅಮೋರಿಸ್ ಲೆಟೀಷಿಯ' ಎಂಬ ಪ್ರಬೋಧನೆಯಲ್ಲಿ ಇದೇ ಮಾತನ್ನು ಮತ್ತೆ ನೆನಪಿಸಿದರು. 2025ರಲ್ಲಿ ದೈವಾಧೀನರಾದ ಆ ಹಿರಿಯರು ಕುಟುಂಬಗಳಿಗೆ ಮತ್ತೆ ಮತ್ತೆ ಕಲಿಸಿದ್ದು ಮೂರೇ ಮಾತು: ಅನುಮತಿ ಕೇಳುವುದು, ಧನ್ಯವಾದ ಹೇಳುವುದು, ಕ್ಷಮೆ ಬೇಡುವುದು. ಈ ಮೂರು ಮಾತುಗಳಲ್ಲಿ ಒಂದನ್ನಾದರೂ ನಮ್ಮ ಮನೆಯ ಗಂಡಸರು ಹೆಂಡತಿಗೆ ಹೇಳಿದ್ದನ್ನು ಮಕ್ಕಳು ಕೇಳಿದ್ದಾರೆಯೇ?

ಎರಡನೆಯ ವಾದ: ಹೆಂಡತಿಯ ಜೊತೆ ಸಲಿಗೆಯಿಂದಿರುವ ಗಂಡನಿಗೆ ಮರ್ಯಾದೆ ಉಳಿಯದು, ಕೊಡ ಹಿಡಿದು ನೀರಿಗೆ ಹೋದವನನ್ನು, ಹಿಟ್ಟು ನಾದಲು ಕುಳಿತವನನ್ನು ಊರು ನಗುತ್ತದೆ. ಊರು ನಗುವುದೇ? ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಒಮ್ಮೆ ನಡೆದು ಬನ್ನಿ. ಒಬ್ಬರು ಕಂಡಿಕೆ ಸುತ್ತದೆ ಇನ್ನೊಬ್ಬರ ಮಗ್ಗ ನಡೆಯುವುದಿಲ್ಲ. ಅಲ್ಲಿ ಸೀರೆ ಗಂಡನದೋ ಹೆಂಡತಿಯದೋ ಎಂದು ಯಾರೂ ಕೇಳುವುದಿಲ್ಲ, ಮನೆಯದು ಎನ್ನುತ್ತಾರೆ. ಸಂತ ಪೌಲರು ಕೊರಿಂಥ ಪಟ್ಟಣದಲ್ಲಿ ಇಳಿದುಕೊಂಡದ್ದೂ ಇಂಥದೇ ದುಡಿಯುವ ದಂಪತಿಗಳ ಮನೆಯಲ್ಲಿ. ಪ್ರೇಷಿತರ ಕಾರ್ಯಕಲಾಪಗಳ 18ನೆಯ ಅಧ್ಯಾಯವನ್ನು ಓದಿ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಗುಡಾರ ಮಾಡುವ ಕಸುಬಿನವರು. ಕೂಡಿ ದುಡಿದರು, ಕೂಡಿ ಪಯಣಿಸಿದರು, ವಾಕ್ಚತುರನಾದ ಅಪೊಲ್ಲೋಸನನ್ನು ಕರೆದೊಯ್ದು ಕೂಡಿಯೇ ಉಪದೇಶಿಸಿದರು. ಅವರ ಮನೆಯಲ್ಲಿ ಭಕ್ತಸಭೆ ಸೇರುತ್ತಿತ್ತು. ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಬರುವಲ್ಲೆಲ್ಲ ಜೊತೆಯಾಗಿಯೇ ಬರುತ್ತದೆ. ಕೆಲವೆಡೆ ಹೆಂಡತಿಯ ಹೆಸರೇ ಮೊದಲು ಬರುತ್ತದೆ. ಇದರಿಂದ ಅಕ್ವಿಲನ ಮರ್ಯಾದೆ ಹೋಯಿತೆಂದು ಪೌಲರು ಎಲ್ಲಿಯೂ ಬರೆಯಲಿಲ್ಲ.

ಇನ್ನೂ ಹತ್ತಿರದ ಕಾಲದ ಸಾಕ್ಷಿ ಬೇಕೆ? 2015ರ ಅಕ್ಟೋಬರ್ 18ರಂದು ರೋಮಿನಲ್ಲಿ ಲೂಯಿ ಮತ್ತು ಝೆಲಿ ಮಾರ್ಟಿನ್ ಎಂಬ ಫ್ರಾನ್ಸಿನ ದಂಪತಿಗಳನ್ನು ಜೊತೆಯಾಗಿ ಸಂತರೆಂದು ಸಾರಲಾಯಿತು. ಇವರು ಬಾಲಯೇಸುವಿನ ಸಂತ ತೆರೇಸಳ ತಂದೆತಾಯಿಗಳು. ಲೂಯಿ ಗಡಿಯಾರ ರಿಪೇರಿಯವನು, ಝೆಲಿ ಲೇಸು ಹೆಣೆಯಿಸುವ ಕಸುಬಿನವಳು. ಹೆಂಡತಿಯ ಕಸುಬು ಬೆಳೆದಾಗ ಗಂಡ 1870ರಲ್ಲಿ ತನ್ನ ಅಂಗಡಿಯನ್ನು ಬಿಟ್ಟುಕೊಟ್ಟು ಅವಳ ಕೆಲಸಕ್ಕೆ ಹೆಗಲು ಕೊಟ್ಟನು. ಅವರು ಸಂತರಾದದ್ದು ಮಠದಲ್ಲಲ್ಲ. ಅಂಗಡಿ, ಅಡುಗೆಮನೆ, ತೀರಿಹೋದ ನಾಲ್ಕು ಮಕ್ಕಳ ದುಃಖ, ಒಬ್ಬರಿಗೊಬ್ಬರು ಬರೆದ ಪತ್ರ ಇವುಗಳ ನಡುವೆ. ಧರ್ಮಸಭೆ ಪೀಠದ ಮೇಲೆ ಏರಿಸಿದ ಬಾಳುವೆಯನ್ನು ನಾವು ಅಡುಗೆಮನೆಯಲ್ಲಿ ನಡೆಯಗೊಡುತ್ತಿಲ್ಲ.

ಮೂರನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆದು ತೋರಿಸುತ್ತಾರೆ: ಪ್ರಾರ್ಥನೆ ಹೆಂಗಸರ ಕೆಲಸ. ಸಂಜೆ ಜಪಸರ ಶುರುವಾದೊಡನೆ ಗಂಡಸರು ಚಪ್ಪಲಿ ಮೆಟ್ಟಿ ಕಟ್ಟೆಗೆ ಹೊರಡುತ್ತಾರೆ. ಅತ್ತೆ ಸೊಸೆಯರು ಮಣಿ ಎಣಿಸುತ್ತಾರೆ. ಹೊಸದಾಗಿ ಮದುವೆಯಾದ ಹುಡುಗನು ಹೆಂಡತಿಯ ಪಕ್ಕದಲ್ಲಿ ಮೊಣಕಾಲೂರಿದರೆ ಕಟ್ಟೆಯವರು ಅವನನ್ನು ಹೆಂಡತಿಯ ಗುಲಾಮನೆಂದು ಹಾಸ್ಯ ಮಾಡುತ್ತಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯ ಕುರಿತಾದ ತನ್ನ ದಸ್ತಾವೇಜಿನಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕರೆಯಿತು. ಅರವತ್ತು ವರ್ಷ ಕಳೆದರೂ ನಮ್ಮ ಮನೆಯೊಳಗಿನ ಧರ್ಮಸಭೆಯಲ್ಲಿ ಗಂಡಸರ ಸಾಲು ಖಾಲಿ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಜಮಖಂಡಿ, ಮುಧೋಳ, ಬೀಳಗಿಯ ಹಳ್ಳಿಗಳಲ್ಲಿ ನಮ್ಮ ಮನೆ ಊರಿಗೊಂದು, ಎರಡು. ದೇವಾಲಯ ದೂರ, ಗುರುಗಳು ದೂರ. ಹೀಗಿರುವಾಗ ಆ ಒಂದು ಮನೆಯ ಗಂಡಹೆಂಡಿರು ಕೂಡಿ ಪ್ರಾರ್ಥಿಸದಿದ್ದರೆ ಆ ಊರಿನಲ್ಲಿ ಪ್ರಾರ್ಥಿಸುವವರು ಯಾರು?

ತೊಬೀತನ ಗ್ರಂಥದ 8ನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಮದುವೆಯ ರಾತ್ರಿ ತೊಬಿಯಾಸ ಮತ್ತು ಸಾರಾ ಹಾಸಿಗೆಯಿಂದೆದ್ದು ಜೊತೆಯಾಗಿ ದೇವರನ್ನು ಬೇಡಿಕೊಳ್ಳುತ್ತಾರೆ. ಅದೇ ರಾತ್ರಿ ಹೊರಗೆ ಏನು ನಡೆಯುತ್ತಿತ್ತು? ಸಾರಾಳ ಹಿಂದಿನ ಏಳು ಮದುಮಕ್ಕಳಂತೆ ಇವನೂ ಸತ್ತಿರುವನೆಂದು ಹೆದರಿ ಅವಳ ತಂದೆ ರಗುವೇಲನು ಸಮಾಧಿಯ ಗುಂಡಿ ತೋಡಿಸುತ್ತಿದ್ದನು. ಒಳಗೆ ಮಕ್ಕಳ ಪ್ರಾರ್ಥನೆ, ಹೊರಗೆ ಹಿರಿಯನ ಗುದ್ದಲಿ! ಆದರೆ ರಗುವೇಲನಲ್ಲಿ ಒಂದು ದೊಡ್ಡ ಗುಣವಿತ್ತು. ಮಕ್ಕಳು ಬದುಕಿರುವರೆಂದು ತಿಳಿದೊಡನೆ ದೇವರನ್ನು ಕೊಂಡಾಡಿ, ಬೆಳಗಾಗುವುದರೊಳಗೆ ಆ ಗುಂಡಿಯನ್ನು ಮುಚ್ಚಿಸಿಬಿಟ್ಟನು. ನಮ್ಮಲ್ಲಿ ಅನೇಕರು ತೋಡಿದ ಗುಂಡಿಯ ದಂಡೆಯ ಮೇಲೆಯೇ ವರ್ಷಗಟ್ಟಲೆ ಕುಳಿತಿರುತ್ತೇವೆ.

ನಾಲ್ಕನೆಯ ವಾದ ಗೆಳೆಯರನ್ನು ಕುರಿತದ್ದು. ಸೊಸೆಗೆ ಪಕ್ಕದ ಮನೆಯ ಲಿಂಗಾಯತರ ಹುಡುಗಿಯೊಡನೆ ಸ್ನೇಹವೇಕೆ? ಮಗ ರಂಜಾನಿನ ದಿನ ಮುಸಲ್ಮಾನ ಗೆಳೆಯನ ಮನೆಗೆ ಸುರಕುಂಬಾ ಕುಡಿಯಲು ಹೆಂಡತಿಯನ್ನು ಕರೆದುಕೊಂಡು ಹೋಗಬೇಕೆ? ನಂಬಿಕೆ ಕೆಡುವುದಿಲ್ಲವೆ? ಸ್ವಾಮಿ, ಊರಿಗೊಂದೇ ಮನೆಯಿರುವಲ್ಲಿ ನೆರೆಯವರ ಸ್ನೇಹವನ್ನೂ ಬೇಡವೆಂದರೆ ಹೊಸ ಹುಡುಗಿಗೆ ಉಳಿಯುವುದು ನಾಲ್ಕು ಗೋಡೆ ಮಾತ್ರ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ತೀರದ ಹಳ್ಳಿಗಳ ಮನೆಗಳಿಗೆ ನುಗ್ಗಿದಾಗ ಪರಿಹಾರ ಕೇಂದ್ರಗಳ ಪಂಕ್ತಿಯಲ್ಲಿ ಎಲ್ಲರ ತಾಟಿಗೂ ಬಿದ್ದದ್ದು ಒಂದೇ ಅನ್ನ. ಹೊಳೆ ಇಳಿದ ಮೇಲೆ ನಾವು ಮತ್ತೆ ಗೋಡೆ ಎಬ್ಬಿಸಬೇಕೆ? ಪ್ರಭು ಯೇಸುಕ್ರಿಸ್ತರು ತಮ್ಮ ಮೊದಲ ಸೂಚಕಕಾರ್ಯವನ್ನು ಮಾಡಿದ್ದು ಕಾನಾ ಊರಿನ ಮದುವೆಮನೆಯಲ್ಲಿ. ದ್ರಾಕ್ಷಾರಸ ತೀರಿದ್ದನ್ನು ಮೊದಲು ಕಂಡುಕೊಂಡದ್ದು ಮಾತೆ ಮರಿಯಮ್ಮನವರು. ಗಂಡಹೆಂಡಿರ ನಡುವೆ ದ್ರಾಕ್ಷಾರಸ ತೀರುವ ಹೊತ್ತನ್ನು ಕಂಡುಕೊಳ್ಳುವ ಕಣ್ಣು ನೆರೆಯವರಿಗೂ ಇರುತ್ತದೆ. ಅನೇಕ ಸಲ ಬಂಧುಗಳಿಗಿಂತ ಮೊದಲು ಅವರೇ ಅದನ್ನು ಕಾಣುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ತಪ್ಪೆಲ್ಲ ಹಿರಿಯರದೆಂದು ಕಿರಿಯರು ಬೀಗಬೇಕಾಗಿಲ್ಲ. ಮಕ್ಕಳೇ, ನಿಮಗೂ ಒಂದು ಮಾತು. ಯಾರ ಅಡ್ಡಿಯೂ ಇಲ್ಲದೆ ಪಟ್ಟಣದಲ್ಲಿ ಬೇರೆ ಮನೆ ಮಾಡಿರುವ ನಿಮ್ಮಲ್ಲಿ ಎಷ್ಟು ಜನ ಒಟ್ಟಿಗೆ ಉಣ್ಣುತ್ತೀರಿ? ಒಂದೇ ಹಾಸಿಗೆಯ ಎರಡು ಅಂಚಿನಲ್ಲಿ, ಎರಡು ಮೊಬೈಲಿನ ಬೆಳಕಿನಲ್ಲಿ, ಬೆನ್ನಿಗೆ ಬೆನ್ನು ಮಾಡಿ ಮಲಗುವವರು ನೀವು. ಮದುವೆಯ ದಿನದ ಚಿತ್ರವನ್ನು ಪ್ರತಿ ವರ್ಷವೂ ಲೋಕಕ್ಕೆ ತೋರಿಸುತ್ತೀರಿ. ನಿನ್ನೆಯ ಜಗಳಕ್ಕೆ ಇಂದು ಕ್ಷಮೆ ಕೇಳಲು ಬಾಯಿ ಬರುವುದಿಲ್ಲ. ನಾವು ನಿಮ್ಮ ಅರ್ಧ ಗಂಟೆಯನ್ನು ಕಸಿದುಕೊಂಡೆವು, ನಿಜ. ಆದರೆ ಯಾರೂ ಕಸಿದುಕೊಳ್ಳದ ಅರ್ಧ ಗಂಟೆಯನ್ನು ನೀವೇ ಚೆಲ್ಲುತ್ತಿದ್ದೀರಿ.

ಮತ್ತೆ ಬ್ಯಾರೇಜಿಗೆ ಬರೋಣ. ಬ್ಯಾರೇಜು ಹೊಸ ನೀರನ್ನು ಹುಟ್ಟಿಸುವುದಿಲ್ಲ. ಹೊನಲು ಇಳಿದ ಮೇಲೆ ಬಾಗಿಲುಗಳನ್ನು ಹಾಕಿ, ಉಳಿದ ನೀರನ್ನು ಬೇಸಿಗೆಗಾಗಿ ಹಿಡಿದಿಡುತ್ತದೆ, ಅಷ್ಟೇ. ವಿವಾಹ ಸಂಸ್ಕಾರದ ದಿನ ದೇವರು ಸುರಿಸುವ ವರಪ್ರಸಾದಕ್ಕೇನೂ ಕೊರತೆಯಿಲ್ಲ. ಕೊರತೆ ಇರುವುದು ಹಿಡಿದಿಡುವ ಬಾಗಿಲುಗಳಿಗೆ. ದಿನಕ್ಕೊಂದು ಒಟ್ಟಿಗೆ ಊಟ ಒಂದು ಬಾಗಿಲು. ಮಲಗುವ ಮುನ್ನ ಇಬ್ಬರೇ ಮಾಡುವ ಐದು ನಿಮಿಷದ ಪ್ರಾರ್ಥನೆ ಒಂದು ಬಾಗಿಲು. ಸಂಬಳ ಎಷ್ಟು, ಸಾಲ ಎಷ್ಟು ಎಂಬುದು ಇಬ್ಬರಿಗೂ ತಿಳಿದಿರುವುದು ಒಂದು ಬಾಗಿಲು. ತಿಂಗಳಿಗೊಮ್ಮೆಯಾದರೂ ಇಬ್ಬರೇ ಬೈಕಿನಲ್ಲಿ ದೇವಾಲಯಕ್ಕೆ ಹೋಗಿ, ಬರುವಾಗ ಎಲ್ಲಿಯಾದರೂ ಚಹಾ ಕುಡಿದು ತಡವಾಗಿ ಮನೆಗೆ ಬರುವುದು ಒಂದು ಬಾಗಿಲು. ಕಷ್ಟ ಹೇಳಿಕೊಳ್ಳಲು ಒಂದು ಗೆಳೆಯರ ಮನೆ ಇರುವುದು ಇನ್ನೊಂದು. ಇವು ದೊಡ್ಡ ತಪಸ್ಸುಗಳಲ್ಲ. ಇವುಗಳಿಗೆ ಗುರುಗಳ ಅಪ್ಪಣೆ ಬೇಡ, ಹಣ ಬೇಡ. ಹಿರಿಯರು ಕೆಮ್ಮದಿದ್ದರೆ ಸಾಕು.

ಧರ್ಮಕೇಂದ್ರದ ಪಾಲನಾ ಮಂಡಳಿಗಳಿಗೂ ಒಂದು ಕೋರಿಕೆ. ಮದುವೆಗೆ ಮೊದಲು ಸಿದ್ಧತಾ ಶಿಬಿರ ನಡೆಸಿ ಪ್ರಮಾಣಪತ್ರ ಕೊಡುತ್ತೇವೆ. ಆಮೇಲೆ ಅವರ ಮನೆಗೆ ನಾವು ಹೋಗುವುದು ಮಗುವಿನ ಜ್ಞಾನಸ್ನಾನಕ್ಕೆ, ಇಲ್ಲವೆ ಜಗಳ ಬೀದಿಗೆ ಬಂದ ಮೇಲೆ. ಮದುವೆಯಾದ ಆರನೆಯ ತಿಂಗಳಲ್ಲಿ ಒಂದು ಅನುಭವಸ್ಥ ಜೋಡಿ ಹೊಸ ಜೋಡಿಯ ಮನೆಗೆ ಹೋಗಿ, ಉಪದೇಶ ಮಾಡದೆ, ಉಂಡು ಮಾತನಾಡಿ ಬರಲಿ. ಮದುವೆಯ ಶಾಮಿಯಾನಕ್ಕೆ ಸುರಿಯುವ ಹಣವನ್ನು ಸ್ವಲ್ಪ ಕಡಿಮೆ ಮಾಡಿರೆಂದು ಗುರುಗಳು ಪೀಠದಿಂದ ಹೇಳಲಿ. ಸಾಲ ಹೊತ್ತ ಮನೆಯಲ್ಲಿ ಸ್ನೇಹ ಅರಳುವುದು ಕಷ್ಟ.

ಮಗ ಹೇಳಿದ ಆ ಮಾತು ಕೇಳಿದ ರಾತ್ರಿ ನಾನು ನಿದ್ರಿಸಲಿಲ್ಲ. ಮರುದಿನ ಸೊಸೆಯನ್ನು ಕರೆದು, "ತಪ್ಪು ನಂದು ತಂಗೀ, ನೀವಿಬ್ಬರೂ ಮೊದಲಿನ ಹಂಗ ಕೂಡಿ ಉಣ್ಣರಿ" ಎಂದೆ. ಮಾವನಾದವನು ಸೊಸೆಯ ಮುಂದೆ ತಪ್ಪೊಪ್ಪಿಕೊಳ್ಳುವುದು ನಮ್ಮ ಕಡೆಯ ರೂಢಿಯಲ್ಲ. ಅವಳಿಗೂ ಏನು ಹೇಳಬೇಕೋ ತೋಚಲಿಲ್ಲ. ಬಿಟ್ಟುಹೋದ ಪ್ರಾರ್ಥನೆ ಒಂದೇ ದಿನಕ್ಕೆ ಮರಳಿ ಬರಲಿಲ್ಲ. ಮುರಿಯಲು ಒಂದು ಕೆಮ್ಮು ಸಾಕಾಗಿತ್ತು, ಕಟ್ಟಲು ಹಲವು ವಾರ ಬೇಕಾದವು. ಈಗ ರಾತ್ರಿ ಅಡುಗೆಮನೆಯಲ್ಲಿ ಮತ್ತೆ ಪಿಸುಮಾತು ಕೇಳಿಸುತ್ತದೆ. ನಾನು ಕಣ್ಣು ಮುಚ್ಚಿ ಗೋಡೆಯ ಕಡೆ ಹೊರಳಿ ಮಲಗುತ್ತೇನೆ.

ಓದುಗರೇ, ಈ ಬರಹವನ್ನು ಒಪ್ಪಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಸೊಸೆ ಬಾಗಿಲಿಗೆ ಒರಗಿ ನಿಂತಿದ್ದರೆ ಅವಳನ್ನೊಮ್ಮೆ ನೋಡಿ. "ನೀನೂ ಕೂಡವ್ವಾ" ಎಂದು ಹೇಳಿ. ಆಮೇಲೆ ನಿಮ್ಮ ತಾಟನ್ನು ತೆಗೆದುಕೊಂಡು ನೀವು ಪಡಸಾಲೆಗೆ ಬನ್ನಿ.